ನೋರಾ ಮಿಸ್ ನ್ಯಾಮತಿಯಲ್ಲಿದ್ದ ವರ್ಷ

ಕಳೆದ ವಾರ ಜಗಳೂರಿನ ನಮ್ಮ ಕಾಲೇಜಿಗೆ ಆಟದ ಸಾಮಾನಿನ ಪೆಟ್ಟಿಗೆ ಬಂತು. ವಾಲಿಬಾಲ್ ನೆಟ್ಟು, ಚಕ್ರ, ಗುಂಡುಗಳ ಅಡಿಯಲ್ಲಿ, ನಾವು ಕೇಳದಿದ್ದ ಟೆನಿಸ್ ಚೆಂಡಿನ ಡಬ್ಬಿಯೊಂದಿತ್ತು. ಮುಚ್ಚಳದ ರಿಂಗು ಎಳೆದೆ. ಉಸ್ಸೆಂದು ಗಾಳಿ ಹೊರಬಂತು, ಅದರ ಬೆನ್ನಿಗೇ ಹೊಸ ರಬ್ಬರಿನ ಘಾಟು. ನಾನು ತಿರುಗಿ ಬಾಗಿಲು ನೋಡಿದೆ. ಹೊರಗೆ ಒಳ್ಳೆ ಬಿಸಿಲಿತ್ತು, ಹುಡುಗಿಯರು ಕಬಡ್ಡಿ ಅಂಕಣಕ್ಕೆ ಸುಣ್ಣ ಹಾಕುತ್ತಿದ್ದರು. ಹೆದರುವಂಥದ್ದೇನೂ ಇರಲಿಲ್ಲ. ಆದರೂ ಎದ್ದುಹೋಗಿ ಅಗುಳಿ ಹಾಕಿದೆ. ಆ ವಾಸನೆ ಬಂದರೆ ಸಾಕು, ನಾನು ನ್ಯಾಮತಿಯ ಆ ಎರಡು ಕೋಣೆಯ ಕ್ವಾರ್ಟರ್ಸಿಗೆ ಮರಳುತ್ತೇನೆ.

ಆಗ ನಾನು ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ರಸ್ತೆಯ ಪಕ್ಕದ ಒಂದು ಖಾಸಗಿ ವಸತಿ ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಅದು ನನ್ನ ಮೊದಲ ಕೆಲಸ. ಖೊಖೊ ಆಡಿ ಬೆಳೆದ ಬಿಳಿಚೋಡಿನ ಹುಡುಗಿ ನಾನು, ಟೆನಿಸ್ ಬ್ಯಾಟನ್ನು ಕೈಯಲ್ಲಿ ಹಿಡಿದವಳಲ್ಲ. ದಾವಣಗೆರೆಯ ಯಾವ ಶಾಲೆಯಲ್ಲೂ ಇಲ್ಲದ್ದು ತಮ್ಮಲ್ಲಿರಬೇಕು ಎಂಬುದು ಶಾಲೆಯ ಅಧ್ಯಕ್ಷರ ಆಸೆ. ಹಾಗಾಗಿ ಮೈದಾನದ ಮೂಲೆಯಲ್ಲಿ ಸಿಮೆಂಟಿನ ಟೆನಿಸ್ ಕೋರ್ಟ್ ಎದ್ದಿತು. ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಎರಡು ಚೀಲ ಹೊತ್ತು, ಒಬ್ಬ ವಿದೇಶಿ ಹೆಂಗಸು ಜೀಪಿನಿಂದ ಇಳಿದಳು. ಪುಣೆಯ ಕಡೆ ಎಲ್ಲೋ ಮಕ್ಕಳಿಗೆ ಕಲಿಸುತ್ತಿದ್ದವಳನ್ನು ಅಧ್ಯಕ್ಷರು ಒಂದು ವರ್ಷದ ಕರಾರಿನ ಮೇಲೆ ಕರೆತಂದಿದ್ದರು. ಉಜ್ಬೇಕಿಸ್ತಾನದವಳು, ಹೆಸರು ಗುಲ್ನೋರಾ, ಟೆನಿಸ್ಸನ್ನೇ ವೃತ್ತಿಯಾಗಿ ಆಡಿ ನಿವೃತ್ತಳಾದವಳು. ಮಕ್ಕಳ ಬಾಯಲ್ಲಿ ಒಂದೇ ದಿನಕ್ಕೆ ನೋರಾ ಮಿಸ್ ಆದಳು. ನನಗೆ ಅಷ್ಟಿಷ್ಟು ಇಂಗ್ಲಿಷೂ ಉರ್ದುವೂ ಬರುತ್ತಿದ್ದುದರಿಂದ ಅವಳನ್ನು ನನ್ನ ಕ್ವಾರ್ಟರ್ಸಿನಲ್ಲೇ ಇರಿಸಿದರು.

ಮೂವತ್ತು ದಾಟಿದ, ಎತ್ತರದ, ಕಡಿಮೆ ಮಾತಿನ ಹೆಂಗಸು. ಬಂದ ಸಂಜೆ ಅವಳು ಮನೆಯನ್ನೆಲ್ಲ ಸುತ್ತಿ, ಮುಂಬಾಗಿಲ ಅಗುಳಿಯನ್ನು ಎಳೆದು ನೋಡಿ, ‘ದರ್ವೋಜಾ?’ ಎಂದಳು. ದರವಾಜ ಅನ್ನುತ್ತಿದ್ದಾಳೆಂದು ನನಗೆ ಹೊಳೆಯಿತು. ಅವರ ಭಾಷೆಯಲ್ಲೂ ಹೆಚ್ಚುಕಡಿಮೆ ಅದೇ ಪದವಂತೆ. ಬಜಾರು, ಹವಾ, ದೋಸ್ತಿ, ಹೀಗೆ ಇಬ್ಬರಿಗೂ ಗೊತ್ತಿದ್ದ ಪದ ಒಂದೊಂದಾಗಿ ಸಿಕ್ಕಾಗ ನಾವು ನಕ್ಕಿದ್ದೂ ಉಂಟು. ಉಳಿದ ಕನ್ನಡವನ್ನು ಅವಳು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕಲಿತಳು, ಅಲ್ಲಿನ ಹೆಂಗಸರು ಆಡುವ ಹಾಗೆಯೇ.

ಕೋರ್ಟಿನಲ್ಲಿ ಅವಳಿಗೆ ಯಾವ ಅಳುಕೂ ಇರಲಿಲ್ಲ. ಮಳೆ ನಿಂತ ಅರ್ಧ ಗಂಟೆಯಲ್ಲಿ ನೀರು ಗುಡಿಸಿ ಮಕ್ಕಳನ್ನು ನಿಲ್ಲಿಸುತ್ತಿದ್ದಳು. ಚೆನ್ನಾಗಿ ಕಲಿತವಳು ಅಶ್ವಿನಿ, ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಹುಡುಗಿ. ಅವಳ ತಾಯಿ ಗಂಗಮ್ಮ ಅಲ್ಲೊಂದು ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದರು. ಭಾನುವಾರ ಮಗಳನ್ನು ನೋಡಲು ಬಂದಾಗಲೆಲ್ಲ ನೋರಾಗೂ ಒಂದು ಪೊಟ್ಟಣ ಚಕ್ಕುಲಿ ತರುತ್ತಿದ್ದರು. ಮಕ್ಕಳು ಊಟಕ್ಕೆ ಹೋದ ಮೇಲೆ ನೋರಾ ನನ್ನ ಕೈಗೂ ಬ್ಯಾಟು ಕೊಟ್ಟಳು. ಖೊಖೊ ಓಟ ಇದೆಯಲ್ಲ, ಉಳಿದದ್ದು ಬರುತ್ತದೆ ಎಂದಳು.

ಆದರೆ ಕೋರ್ಟಿನ ಹೊರಗೆ ಅವಳು ಬೇರೆಯೇ ಆಗುತ್ತಿದ್ದಳು. ಬಸ್ಸಿನಲ್ಲಿ ಕೊನೆಯ ಸೀಟಿಗೇ ಹೋಗಿ, ಬೆನ್ನಿಗೆ ತಗಡು ತಾಗಿಸಿ ಕೂರುವಳು. ಬಟ್ಟೆಯನ್ನು ಹೊರಗೆ ಒಣಹಾಕುವವಳಲ್ಲ. ಹೊನ್ನಾಳಿ ಸಂತೆಗೆ ಹೋದರೆ ಬಂದ ದಾರಿಯಲ್ಲಿ ವಾಪಸು ಹೋಗಲು ಒಪ್ಪುತ್ತಿರಲಿಲ್ಲ. ಆ ವರ್ಷ ತುಂಗಭದ್ರೆ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ಜನ ಸೇತುವೆಯ ಮೇಲೆ ನಿಂತು ನೀರು ನೋಡುತ್ತಿದ್ದರೆ ಇವಳು ಜನರನ್ನು ನೋಡುತ್ತಿದ್ದಳು. ಆಗಸ್ಟಿನ ಹೊತ್ತಿಗೆ ಶಾಲೆಯ ದಾರಿಯ ಎರಡೂ ಬದಿ ಮೆಕ್ಕೆಜೋಳ ಆಳೆತ್ತರ ಬೆಳೆದು ನಿಂತಿತು. ಗಾಳಿಗೆ ಗರಿಗಳು ಸರಸರ ಅಂದರೆ ಅವಳು ನಡುದಾರಿಯಲ್ಲೇ ನಿಂತುಬಿಡುವಳು. ಹಾವಿಗೆ ಹೆದರುತ್ತಾಳೆಂದು ನಾನು ತಿಳಿದಿದ್ದೆ.

ಸ್ವಾತಂತ್ರ್ಯ ದಿನಕ್ಕೆ ಅಧ್ಯಕ್ಷರು ಹೊನ್ನಾಳಿ ಬಸ್‌ಸ್ಟ್ಯಾಂಡಿನ ಎದುರು ದೊಡ್ಡ ಫ್ಲೆಕ್ಸ್ ಹಾಕಿಸಿದರು. ಬ್ಯಾಟು ಎತ್ತಿದ ನೋರಾ, ಪಕ್ಕದಲ್ಲಿ ಸೀಟಿ ಹಿಡಿದ ನಾನು, ಕೆಳಗೆ ಇಬ್ಬರ ಹೆಸರು, ಶಾಲೆಯ ವಿಳಾಸ. ಅದೇ ಚಿತ್ರ ಶಾಲೆಯ ಜಾಲತಾಣದಲ್ಲೂ. ನನ್ನ ಮುಖ ಅಷ್ಟು ದೊಡ್ಡದಾಗಿ ಊರಿಗೆಲ್ಲ ಕಾಣುತ್ತಿರುವುದಕ್ಕೆ ನಾನು ಉಬ್ಬಿಹೋಗಿದ್ದೆ. ನೋರಾ ಬಸ್ಸಿನಿಂದ ಇಳಿದವಳು ಅದನ್ನು ನೋಡಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಮರುದಿನ ಅಧ್ಯಕ್ಷರ ಬಳಿ ಹೋಗಿ, ತೆಗೆಸಿ ಎಂದು ಬೇಡಿಕೊಂಡಳು. ಅವರು ಅದನ್ನು ವಿನಯ ಎಂದುಕೊಂಡು ನಕ್ಕರು. ಅಷ್ಟು ಚೆನ್ನಾಗಿ ಬಂದಿದೆ, ಇರಲಿ ಎಂದರು.

ಆ ಸಂಜೆ ಅವಳು ಎಲ್ಲ ಹೇಳಿದಳು.

ಅವಳು ಫರ್ಗಾನಾ ಕಣಿವೆಯವಳು. ಅಪ್ಪ ಬಸ್ ಡ್ರೈವರ್. ಹತ್ತಿ ಕಾರ್ಖಾನೆಯ ಹಿಂದಿನ ಗೋಡೆಗೆ ಚೆಂಡು ಹೊಡೆದು ಹೊಡೆದು ಆಟ ಕಲಿತಳು. ಯಾರೋ ಕೋಚ್ ನೋಡಿ ತಾಷ್ಕೆಂಟಿಗೆ ಕರೆದೊಯ್ದ. ಹದಿಹರೆಯ ಮುಗಿಯುವ ಮೊದಲೇ ಊರೂರು ಸುತ್ತುವ ಬಾಳು. ಈ ವಾರ ಟರ್ಕಿ, ಮುಂದಿನ ವಾರ ಈಜಿಪ್ಟ್, ಆಮೇಲೆ ಇಂಡಿಯಾ. ಅಗ್ಗದ ಲಾಡ್ಜು, ಸಿಂಕಿನಲ್ಲಿ ತೊಳೆದ ಸಾಕ್ಸು, ಖಾಲಿ ಕುರ್ಚಿಗಳ ಮುಂದೆ ಆಟ. ಸಣ್ಣ ಪಂದ್ಯಗಳಿಗೆ ನೋಡುವವರು ಬರುವುದಿಲ್ಲವಂತೆ. ಹಾಗೆ ಎಷ್ಟೋ ವರ್ಷ ಆಡಿದ ಮೇಲೆ ಒಮ್ಮೆ, ಒಂದೇ ಒಮ್ಮೆ, ಜಗತ್ತಿನ ದೊಡ್ಡ ಪಂದ್ಯಾವಳಿಯೊಂದರ ಅರ್ಹತಾ ಸುತ್ತುಗಳನ್ನು ದಾಟಿ ಒಳಗೆ ಹೋದಳು. ಮೊದಲ ಪಂದ್ಯದಲ್ಲೇ ಹೆಸರಾಂತ ಆಟಗಾರ್ತಿಯ ಎದುರು ಸೋತಳು. ಆದರೆ ಟೀವಿಯಲ್ಲಿ ಬಂತು. ಫರ್ಗಾನಾದ ಅವಳ ಓಣಿಯವರೆಲ್ಲ ನೋಡಿದರು.

ಅವನೂ ನೋಡಿದ್ದ.

ಮೊದಲು ಹೂ ಬಂತು, ಆಮೇಲೆ ಅವನೇ ಬಂದ. ಅವಳು ಆಡುವ ಊರಿಗೆಲ್ಲ ಬರುತ್ತಿದ್ದ. ಯಾವ ವಾರ ಎಲ್ಲಿ ಯಾರು ಆಡುತ್ತಾರೆಂದು ಮೊದಲೇ ಪ್ರಕಟವಾಗುವುದರಿಂದ ಅವಳನ್ನು ಹುಡುಕುವ ಕಷ್ಟವೂ ಅವನಿಗಿರಲಿಲ್ಲ. ಖಾಲಿ ಕುರ್ಚಿಗಳ ನಡುವೆ ಒಬ್ಬನೇ, ಬಿಳಿ ಟೋಪಿ ಹಾಕಿಕೊಂಡು ಕೂರುತ್ತಿದ್ದ. ಮುಟ್ಟಲಿಲ್ಲ, ಬೈಯಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದ, ಉಳಿದವರು ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇರುತ್ತಿದ್ದ. ಒಂದು ಊರಿನಲ್ಲಿ ಅವಳ ಲಾಡ್ಜಿನ ಕೋಣೆಗೆ ಬಂದು ನೋಡಿದರೆ ಹಾಸಿಗೆಯ ಮೇಲೆ ಹೊಸ ಚೆಂಡಿನ ಡಬ್ಬಿ, ತೆರೆದದ್ದು. ಕೋಣೆಯ ತುಂಬ ಅದರ ವಾಸನೆ. ಆಯೋಜಕರಿಗೆ ದೂರು ಕೊಟ್ಟರೆ, ಟಿಕೆಟ್ ತೆಗೆದುಕೊಂಡಿದ್ದಾನೆ, ತಪ್ಪೇನು ಮಾಡಿದ್ದಾನೆ ಎಂದರು. ಮನೆಯವರಿಗೆ ಹೇಳಿದರೆ, ನೀನೇನು ಮಾಡಿದೆ ಎಂದು ಕೇಳಿದರು. ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಸರ್ವ್ ಮಾಡಲು ಚೆಂಡನ್ನು ಮೇಲಕ್ಕೆ ಎಸೆದರೆ ಕೈ ನಡುಗಿ ಚೆಂಡು ಅಡ್ಡಾದಿಡ್ಡಿ ಹೋಗತೊಡಗಿತು. ಮಂಡಿ ನೋವು ಎಂದು ಹೇಳಿ ನಿವೃತ್ತಳಾದಳು. ಪೇಪರಿನಲ್ಲೂ ಹಾಗೇ ಬಂತು.

‘ಮಂಡಿ ಚೆನ್ನಾಗಿ ಐತೆ,’ ಎಂದಳು ನೋರಾ, ಅಡುಗೆಮನೆಯ ಕನ್ನಡದಲ್ಲಿ.

ಈ ಹಳ್ಳಿಗಾಡಿಗೆ ಅವಳು ಬಂದದ್ದು ಯಾರೂ ತನ್ನನ್ನು ಇಲ್ಲಿ ಹುಡುಕಲಾರರು ಎಂದು. ಆ ದಿನದಿಂದ ಬಾಗಿಲ ಅಗುಳಿಯನ್ನು ನಾನೂ ಎಳೆದು ನೋಡತೊಡಗಿದೆ.

ಸೆಪ್ಟೆಂಬರಿನಲ್ಲಿ ಶಾಲೆಯ ಕ್ಲಾರ್ಕ್ ರುದ್ರೇಶಪ್ಪ ಖುಷಿಯಾಗಿ ಮೈದಾನಕ್ಕೆ ಬಂದ. ಹೊರದೇಶದಿಂದ ಫೋನು ಬಂದಿತ್ತಂತೆ. ಇಂಗ್ಲಿಷಿನಲ್ಲಿ ಯಾರೋ ಬಹಳ ಮರ್ಯಾದಸ್ಥರು, ಮೇಡಂ ಹಳೆಯ ಅಭಿಮಾನಿ. ಯಾವ ಊರು, ಯಾವ ರೈಲಿಗೆ ಬರಬೇಕು, ಮೇಡಂ ಎಲ್ಲಿರುತ್ತಾರೆ, ಎಲ್ಲ ಕೇಳಿದರು.

‘ಎಲ್ಲಾ ಹೇಳೀನ್ರೀ,’ ಎಂದ. ‘ಕ್ಯಾಂಪಸ್ನಾಗೆ ಕ್ವಾರ್ಟರ್ಸ್ ಐತೆ, ಸುಜಾತ ಮಿಸ್ ಜೊತೆ ಇರ್ತಾರೆ ಅಂದೆ. ಭಾರಿ ಸಂತೋಷ ಪಟ್ರು.’

ನೋರಾ ಕೈಯಲ್ಲಿದ್ದ ಚೆಂಡುಗಳನ್ನು ನಿಧಾನಕ್ಕೆ ಬುಟ್ಟಿಗೆ ಹಾಕಿದಳು. ರುದ್ರೇಶಪ್ಪನನ್ನು ಬೈಯುವುದಾದರೂ ಹೇಗೆ, ಅವನಿಗೆ ಗೊತ್ತಿದ್ದರೆ ತಾನೆ. ನಾನು ಮುಖ್ಯೋಪಾಧ್ಯಾಯರ ಬಳಿ ಹೋಗಿ ಹೇಳಿದೆ. ಫೋನು ಮಾಡಿದವರ ಮೇಲೆಲ್ಲ ಕಂಪ್ಲೇಂಟು ಕೊಡಲಾಗುತ್ತದೆಯೇ ಎಂದರು ಅವರು. ಹೆಸರು ಗೊತ್ತೇ ಎಂದು ಕೇಳಿದರು. ನೋರಾಗೂ ಅವನ ನಿಜವಾದ ಹೆಸರು ಗೊತ್ತಿರಲಿಲ್ಲ, ಊರೂರಿಗೆ ಒಂದೊಂದು ಹೆಸರು ಬರೆಸುತ್ತಿದ್ದನಂತೆ.

ಆಮೇಲಿನ ದಿನಗಳು ಕಾಯುವ ದಿನಗಳು. ಮೆಕ್ಕೆಜೋಳದ ಗರಿಯ ಸದ್ದು ಈಗ ನನ್ನನ್ನೂ ನಿಲ್ಲಿಸುತ್ತಿತ್ತು. ಗೇಟಿನ ಹತ್ತಿರ ಕಾರು ನಿಧಾನವಾದರೆ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಕರೆಂಟು ಹೋದರೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿಕೊಳ್ಳುತ್ತಿದ್ದೆವು. ಕತ್ತಲಲ್ಲಿ ಅವಳು ಓಗೊಡಲು ತುಸು ತಡವಾದರೂ ನಾನು ಗೋಡೆ ತಡವುತ್ತಾ ಅವಳಿದ್ದ ಕಡೆ ಹೋಗುತ್ತಿದ್ದೆ.

ದಸರೆ ರಜೆಗೆ ಅವಳನ್ನು ಬಿಳಿಚೋಡಿಗೆ ಕರೆದೊಯ್ದೆ. ದಾವಣಗೆರೆ ದಾಟಿ ಜಗಳೂರಿನ ರಸ್ತೆ ಹಿಡಿಯುತ್ತಿದ್ದಂತೆ ಬೆಳೆ ಗಿಡ್ಡವಾಗಿ, ಬಯಲು ಬಿಚ್ಚಿಕೊಂಡು, ದೂರದ ಕುರಿಮಂದೆಯೂ ಕಾಣುವ ಹಾಗಾಯಿತು. ನೋರಾ ಕಿಟಕಿಯ ಪಕ್ಕ ಬಂದು ಕೂತಳು. ಬರುವವನು ಮೈಲಿ ದೂರದಿಂದಲೇ ಕಾಣುತ್ತಾನೆ, ಒಳ್ಳೆಯ ಜಾಗ ಎಂದಳು. ನಮ್ಮ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ ಅಕ್ಕಪಕ್ಕ. ಅವುಗಳ ಕೆಳಗೆ ಚಾಪೆ ಹಾಸಿದರೆ ಮಧ್ಯಾಹ್ನವೆಲ್ಲ ಮಲಗಿಬಿಟ್ಟಳು. ಹಗಲು ನಿದ್ದೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಅವ್ವನ ಜೊತೆ ಹತ್ತಿ ಬಿಡಿಸಲು ಬಂದಳು. ಬೇಡ ಎಂದರೂ ಕೇಳಲಿಲ್ಲ. ಅವರ ದೇಶದಲ್ಲಿ ಅವಳು ಚಿಕ್ಕವಳಿದ್ದಾಗ ಪ್ರತಿ ಹಂಗಾಮಿಗೂ ಶಾಲೆ ಮುಚ್ಚಿ ಮಕ್ಕಳನ್ನು ಹತ್ತಿ ಹೊಲಕ್ಕೆ ಕಳಿಸುತ್ತಿದ್ದರಂತೆ. ಎರಡೂ ಕೈಯಿಂದ, ಸಿಪ್ಪೆ ಚುಚ್ಚದ ಹಾಗೆ ಬಿಡಿಸುವುದನ್ನು ಕಂಡು ಅವ್ವ ನಮ್ಮವಳೇ ಎಂದುಬಿಟ್ಟಳು. ಬುತ್ತಿ ಬಿಚ್ಚಿದಾಗ, ಈ ಹುಡುಗಿ ಯಾಕೆ ಮತ್ತೆ ಮತ್ತೆ ದಾರಿ ನೋಡುತ್ತಾಳೆ ಎಂದು ಕೇಳಿದಳು. ನೋರಾ ಹೇಳು ಎನ್ನುವಂತೆ ತಲೆಯಾಡಿಸಿದ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು.

‘ಯಾರ್ಯಾರಿಗೆ ಹೇಳೀಯವ್ವ?’ ಎಂದು ನೋರಾಳನ್ನೇ ಕೇಳಿದಳು.

ಇಬ್ಬರಿಗೆ ಹೇಳಿದೆ, ಅವರು ನಂಬಲಿಲ್ಲ ಎಂದಳು ನೋರಾ.

‘ಇಬ್ರಿಗೆ ಸಾಲಾಕಿಲ್ಲ. ಮಂದಿ ಇದ್ದಾಗ ಹೇಳ್ಬೇಕು, ಅವ್ನು ಇದ್ದಾಗ್ಲೇ ಹೇಳ್ಬೇಕು. ನೀನು ಸುಮ್ಕಿದ್ದಷ್ಟು ದಿನ ಅವ್ನಿಗೆ ಅನ್ಕೂಲ ಆಗೈತೆ.’

ನೋರಾ ಆ ಮಾತನ್ನು ನನ್ನಿಂದ ಮತ್ತೊಮ್ಮೆ ಹೇಳಿಸಿಕೊಂಡಳು. ಸಂಜೆ ಹೊಲದಿಂದ ಬರುವಾಗ, ಹೆದರಿಕೆಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಕೇಳಿದಳು.

ಡಿಸೆಂಬರಿನಲ್ಲಿ ಚನ್ನಗಿರಿಯ ಹಳೆಯ ಕ್ಲಬ್ಬೊಂದು ತನ್ನ ಮಣ್ಣಿನ ಕೋರ್ಟನ್ನು ಹೊಸದು ಮಾಡಿತು. ಉದ್ಘಾಟನೆಗೆ ನೋರಾಳ ಪ್ರದರ್ಶನ ಪಂದ್ಯ ಎಂದು ನಮ್ಮ ಅಧ್ಯಕ್ಷರು ಒಪ್ಪಿ ಬಂದಿದ್ದರು. ಪೇಪರಿಗೂ ಹೋಯಿತು, ಜಾಲತಾಣಕ್ಕೂ ಹೋಯಿತು. ಹೆಂಗಸಿನ ಕೈಯಲ್ಲಿ ಸೋಲಲು ಕ್ಲಬ್ಬಿನ ಗಂಡಸರು ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಎದುರಾಳಿ ನಾನೇ. ಬೇಡ, ಜ್ವರ ಅಂತ ಹೇಳೋಣ ಎಂದು ನಾನು ಅವಳಿಗೆ ಅಂದೆ. ತಾನು ಇಲ್ಲಿ ಇರುವುದು ಅವನಿಗೆ ಗೊತ್ತಾಗಿದೆ, ಬಾಗಿಲು ಹಾಕಿಕೊಂಡು ಒಬ್ಬಳೇ ಇರುವಾಗ ಬರುವುದಕ್ಕಿಂತ ಅಲ್ಲಿಗೇ ಬರಲಿ ಎಂದಳು.

ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ನಮ್ಮ ಮಕ್ಕಳು, ಅವರ ತಂದೆತಾಯಂದಿರು. ನಲ್ಲೂರಿನಿಂದ ಗಂಗಮ್ಮ ಓಣಿಯ ಹೆಂಗಸರನ್ನೆಲ್ಲ ಟೆಂಪೋದಲ್ಲಿ ಕರೆತಂದಿದ್ದರು. ಬಂದೋಬಸ್ತಿಗೆ ಒಬ್ಬ ಹೆಡ್ ಕಾನ್‌ಸ್ಟೇಬಲ್. ಆಟ ಶುರುವಾಯಿತು. ಅವಳು ನನಗೆ ಎಟುಕುವ ಹಾಗೆ ಮೆಲ್ಲಗೆ ಆಡುತ್ತಿದ್ದಳು, ನಾನು ಓಡಿ ಓಡಿ ಹೊಡೆಯುತ್ತಿದ್ದೆ, ಜನ ನಗುತ್ತಿದ್ದರು. ಒಂದು ಪಾಯಿಂಟು ಅವಳು ಚೆಂದವಾಗಿ ಗೆದ್ದಳು. ಚಪ್ಪಾಳೆ ಎದ್ದಿತು, ನಿಂತಿತು.

ಒಂದು ಚಪ್ಪಾಳೆ ನಿಲ್ಲಲಿಲ್ಲ.

ಕೊನೆಯ ಸಾಲಿನ ತುದಿಯಲ್ಲಿ, ಬಿಳಿ ಟೋಪಿ. ವಯಸ್ಸಾಗುತ್ತಿದ್ದ, ಸ್ವಚ್ಛ ಅಂಗಿಯ, ಬ್ಯಾಂಕಿನ ಮ್ಯಾನೇಜರನಂತೆ ಕಾಣುವ ಮನುಷ್ಯ. ಮೆತ್ತಗೆ, ಒಂದೇ ಸಮನೆ ತಟ್ಟುತ್ತಿದ್ದ. ನಾನು ಊಹಿಸಿಕೊಂಡಿದ್ದ ರಾಕ್ಷಸನ ಒಂದು ಗುರುತೂ ಅವನಲ್ಲಿರಲಿಲ್ಲ. ಅದಕ್ಕೇ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ನೋರಾ ಚೆಂಡು ಎಸೆದಳು. ಅದು ಅವಳ ತಲೆಯ ಹಿಂದೆ ಬಿತ್ತು. ಮತ್ತೆ ಎಸೆದಳು. ಮತ್ತೆ ಹಾಗೇ. ಮಕ್ಕಳು ನಗಲು ಹೋಗಿ ಸುಮ್ಮನಾದರು.

ಆಗ ಅವಳು ಬ್ಯಾಟನ್ನು ನೆಲಕ್ಕಿಟ್ಟು, ಸ್ಕೋರು ಹೇಳುತ್ತಿದ್ದ ಮೇಷ್ಟರ ಹತ್ತಿರ ನಡೆದಳು. ಮೈಕು ಇಸಿದುಕೊಂಡಳು. ಅವಳು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆಂದೇ ನಾನು ತಿಳಿದೆ. ಅವನೂ ಹಾಗೇ ತಿಳಿದಿರಬೇಕು, ಮುಂದಕ್ಕೆ ಬಾಗಿ ನಗುತ್ತಾ ಕಾಯುತ್ತಿದ್ದ.

‘ಬಿಳಿ ಟೋಪಿ ಐತಲ್ರೀ, ಹಿಂದೆ,’ ಎಂದಳು ನೋರಾ. ‘ಅವ್ನು ನನ್ನ ಹಿಂದೆ ಬರ್ತಾನೆ. ಬಾಳ ವರ್ಷ ಆತು. ಎಲ್ಲಾ ದೇಶದಾಗೆ ಬರ್ತಾನೆ. ನಾನು ಬ್ಯಾಡ ಅಂದೀನಿ. ನಂಗೆ ಹೆದರಿಕೆ ಆಗ್ತೈತೆ. ಆಡಾಕೆ ಆಗಲ್ಲ.’

ಇಡೀ ಶಾಮಿಯಾನ ತಿರುಗಿತು. ಅವನಿಗೆ ಒಂದು ಅಕ್ಷರವೂ ಅರ್ಥವಾಗಿರಲಿಲ್ಲ. ತನ್ನನ್ನು ಪರಿಚಯಿಸಿದಳೆಂದು ಭಾವಿಸಿ, ಅರ್ಧ ಎದ್ದು ಟೋಪಿ ತೆಗೆದು ಜನಕ್ಕೆ ವಂದಿಸಿದ. ಯಾರೂ ನಗಲಿಲ್ಲ. ಅವನ ನಗೆ ಮುಖದಲ್ಲೇ ಉಳಿದು, ಆಮೇಲೆ ಮೆಲ್ಲಗೆ ಇಳಿದುಹೋಯಿತು.

ಮೊದಲು ಎದ್ದದ್ದು ಗಂಗಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಅವನ ಎದುರು ನಿಂತರು. ಅಷ್ಟೇ, ಕೈ ಎತ್ತಲಿಲ್ಲ. ಅವನು ನೋರಾಳನ್ನು ನೋಡಲು ಎಡಕ್ಕೆ ಬಾಗಿದ, ಗಂಗಮ್ಮ ಎಡಕ್ಕೆ ಸರಿದರು. ಬಲಕ್ಕೆ ಬಾಗಿದ, ಅಲ್ಲಿ ಇನ್ನೊಬ್ಬ ಹೆಂಗಸು ಬಂದು ನಿಂತಿದ್ದಳು. ಟೆಂಪೋದಲ್ಲಿ ಬಂದವರೆಲ್ಲ ಎದ್ದು ಹೋಗಿ ನಿಂತರು.

‘ಎದ್ದು ನಡೀರಿ,’ ಎಂದರು ಗಂಗಮ್ಮ. ‘ಆಯಮ್ಮ ಆಡ್ಬೇಕು.’

ಅವನು ಇಂಗ್ಲಿಷಿನಲ್ಲಿ, ಅವಳು ಏನು ಹೇಳಿದಳು, ಏನು ಹೇಳಿದಳು ಎಂದು ಅಕ್ಕಪಕ್ಕದವರನ್ನು ಕೇಳುತ್ತಿದ್ದ. ಹೆಡ್ ಕಾನ್‌ಸ್ಟೇಬಲ್ ಬಂದು ಪಾಸ್‌ಪೋರ್ಟ್ ಎಂಬ ಒಂದೇ ಪದ ಹೇಳಿ ಕೈ ಚಾಚಿದ. ಅವನನ್ನು ಕೂರಿಸಿಕೊಂಡ ಪೊಲೀಸ್ ಜೀಪು ಹೋಗುವವರೆಗೂ ನೋರಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಬಿಡಿಸಿಕೊಳ್ಳಲು ಹೋದ ನನಗೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಚ್ಚಬೇಕಾಯಿತು. ಇಲ್ಲಿಗೆ ಸಾಕು, ಮನೆಗೆ ಹೋಗೋಣ ಎಂದೆ. ಅವಳು ತಲೆ ಅಲ್ಲಾಡಿಸಿ ಕೋರ್ಟಿಗೆ ನಡೆದಳು.

ಚೆಂಡು ಎಸೆದಳು. ಈ ಸಲ ಅದು ನೆಟ್ಟಗೆ ಮೇಲೆ ಹೋಯಿತು. ಅವಳು ಹೊಡೆದ ಚೆಂಡು ನನ್ನ ಪಕ್ಕದಿಂದ ಹೋದದ್ದು ಸದ್ದಿನಿಂದಷ್ಟೇ ಗೊತ್ತಾಯಿತು. ಆಮೇಲೆ ಅವಳು ನನಗೆ ಒಂದು ಪಾಯಿಂಟನ್ನೂ ಬಿಡಲಿಲ್ಲ. ಟೀವಿಯಲ್ಲಿ ಫರ್ಗಾನಾದವರು ನೋಡಿದ ಆಟಗಾರ್ತಿ ಯಾರೆಂದು ನಾನು ಆ ದಿನ ಕಂಡೆ. ನಲ್ಲೂರಿನ ಹೆಂಗಸರು ಮಾತ್ರ ಅದನ್ನು ನೋಡಲಿಲ್ಲ. ಅವರು ಆಟಕ್ಕೆ ಬೆನ್ನು ಹಾಕಿ ಗೇಟಿನ ಕಡೆ ಮುಖ ಮಾಡಿ ನಿಂತಿದ್ದರು.

ಠಾಣೆಯಲ್ಲಿ ಏನೂ ಆಗಲಿಲ್ಲ ಎಂದೇ ಹೇಳಬೇಕು. ಅವನ ಕಾಗದಪತ್ರಗಳು ಸರಿಯಾಗಿದ್ದವು. ತಾನು ಅಭಿಮಾನಿ ಎಂದ. ಮತ್ತೆ ಈ ಜಿಲ್ಲೆಗೆ ಕಾಲಿಡುವುದಿಲ್ಲ ಎಂದು ಹೇಳಿಸಿ ದಾವಣಗೆರೆಯಲ್ಲಿ ರೈಲು ಹತ್ತಿಸಿದರು. ಪೇಪರಿನಲ್ಲಿ ಸುದ್ದಿ ಬಂತು. ಶಾಲೆಗೆ ಕೆಟ್ಟ ಹೆಸರು ಬಂತೆಂದು ಅಧ್ಯಕ್ಷರು ಸಿಟ್ಟಾದರು, ಕರಾರು ಮುಂದುವರಿಸಲಿಲ್ಲ.

ನೋರಾ ಮಾತ್ರ ಹಗುರಾಗಿದ್ದಳು. ಆ ಚಳಿಯಲ್ಲೂ ಕಿಟಕಿ ತೆರೆದು ಮಲಗಿದಳು. ಎದ್ದು ಹೋಗಿ ಅದನ್ನು ಮುಚ್ಚುತ್ತಿದ್ದವಳು ನಾನು. ಅವನು ನನ್ನ ಮುಖವನ್ನೂ ನೋಡಿದ್ದ. ನನ್ನ ಹೆಸರು ಫ್ಲೆಕ್ಸಿನ ಮೇಲಿತ್ತು. ಅವಳ ಹೆದರಿಕೆ ಕಡಿಮೆಯಾದಷ್ಟೂ ನನ್ನೊಳಗೆ ಅದು ಹೆಚ್ಚುತ್ತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ, ಅವಳಿಗೆ ಗೊತ್ತಾಗದೆಯೂ ಇರಲಿಲ್ಲ.

ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ ಮುಗಿದ ಮೇಲೆ ಹೊರಟಳು. ಮೆಕ್ಕೆಜೋಳ ಎಂದೋ ಕಟಾವಾಗಿ ಹೊಲ ಬೋಳಾಗಿತ್ತು. ಅಶ್ವಿನಿಗೆ ತನ್ನ ಬ್ಯಾಟು ಕೊಟ್ಟಳು. ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲಿಗೆ ಹೋಗುತ್ತೀಯ ಎಂದು ಕೇಳಲು ನಾನು ಬಾಯಿ ತೆರೆದೆ. ಅವಳು ನನ್ನ ಬಾಯಿಯ ಮೇಲೆ ಬೆರಳಿಟ್ಟಳು.

‘ಕೇಳಬ್ಯಾಡ, ದೋಸ್ತ. ನಿಂಗೆ ಗೊತ್ತಿಲ್ಲ ಅಂದ್ರೆ ನಿಂಗೆ ಚಲೋ.’

ಬಸ್ಸಿನಲ್ಲಿ ಅವಳು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು, ಕಿಟಕಿಯ ಪಕ್ಕ. ಒಂದು ಕಾಗದವೂ ಬರಲಿಲ್ಲ, ಒಂದು ಫೋನೂ ಬರಲಿಲ್ಲ. ಮುನಿಸಿಕೊಳ್ಳುವಷ್ಟು ದಿನ ಮುನಿಸಿಕೊಂಡೆ.

ಮುಂದಿನ ಮಳೆಗಾಲ ಹಿಡಿದ ಮೇಲೆ, ಒಂದು ಸಂಜೆ, ಹಾಸ್ಟೆಲ್ಲಿನ ವರಾಂಡದಲ್ಲಿ ಮಕ್ಕಳ ಹಾಜರಿ ಕರೆಯುತ್ತಿದ್ದಾಗ ನನ್ನ ಮೊಬೈಲು ರಿಂಗಾಯಿತು. ಗುರುತಿಲ್ಲದ, ಉದ್ದನೆಯ ನಂಬರು. ಆ ಕಡೆ ಒಬ್ಬ ಗಂಡಸು, ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ, ಮಿಸ್ ಸುಜಾತ ಅವರೇ ಎಂದ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದ. ನಿಮ್ಮ ಗೆಳತಿ ಈಗ ಎಲ್ಲಿದ್ದಾರೆ, ಹೇಳಬಲ್ಲಿರಾ ಎಂದ. ನನಗೆ ಗೊತ್ತಿಲ್ಲ ಎಂದೆ. ಅವನು ನಂಬಲಿಲ್ಲ, ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿ ಫೋನು ಕಡಿದೆ. ಅಲ್ಲೇ ಕಂಬ ಹಿಡಿದು ಕೂತೆ. ಮಕ್ಕಳು ಏನಾಯಿತು ಮಿಸ್ ಎಂದು ಸುತ್ತ ಬಂದು ನಿಂತರು. ಮಳೆಯ ಎರಚಲು ಮುಖಕ್ಕೆ ಬಡಿಯುತ್ತಿತ್ತು. ಸ್ವಲ್ಪ ತಡವಾಗಿ ಅವನ ಪ್ರಶ್ನೆಯ ಅರ್ಥ ನನಗಾಯಿತು. ಅವನು ನನ್ನನ್ನು ಕೇಳುತ್ತಿದ್ದಾನೆ ಎಂದರೆ, ಅವಳು ಅವನಿಗೆ ಸಿಕ್ಕಿಲ್ಲ.